ಎಲ್ಲರ ಹಿಂದೆ ನಡೆಯುವ ರಾಚಪ್ಪ

ರಾಚಪ್ಪನ ಮುಖ ನೋಡುವುದಕ್ಕೆ ಮೊದಲು ನಾನು ನೋಡಿದ್ದು ಅವನ ಎಡ ಮಂಡಿಯನ್ನು. ಇಳಕಲ್ಲಿನ ಒಂದು ಸಣ್ಣ ದವಾಖಾನೆಯಲ್ಲಿ ನಾನು ನರ್ಸ್. ಎಂಟು ವರ್ಷದ ಹಿಂದೆ, ಯುಗಾದಿ ಮುಗಿದ ವಾರ, ಹೊರಗಿನ ಬಾಕಿನ ಮೇಲೆ ಒಬ್ಬ ಮನುಷ್ಯ ಧೋತರ ಮೇಲೆತ್ತಿಕೊಂಡು ಕಾಲು ಚಾಚಿ ಕೂತಿದ್ದ. ಮಂಡಿ ಸಣ್ಣ ಕುಂಬಳಕಾಯಿಯಷ್ಟು ಬಾತಿತ್ತು. ಅಂಗಾಲಿನಲ್ಲಿ ಹಳೆಯ ಗಾಯದ ಮೇಲೆ ಹೊಸ ಗಾಯ.

"ಏನ್ ಮಾಡ್ಕೊಂಡ್ರಿ ಇದನ್ನ?" ಎಂದೆ.

"ನಡದೇನ್ರಿ."

"ಎಲ್ಲಿಗೆ?"

"ಶ್ರೀಶೈಲಕ್ಕ."

ನನಗೆ ಸಿಟ್ಟು ಬೇಗ ಬರುತ್ತದೆ. ಅದರಲ್ಲೂ ತಾವಾಗಿ ಮೈ ಕೆಡಿಸಿಕೊಂಡು ಬಂದವರನ್ನು ಕಂಡರೆ ತಡೆಯಲಾಗುವುದಿಲ್ಲ. "ಬಸ್ ಸತ್ತಾವೇನು? ದಿನಾ ಎರಡು ಹೋಗ್ತಾವಲ್ಲ" ಎಂದು ರೇಗಿದೆ. ಅವನು ನಕ್ಕ. "ನಾ ಬಸ್ಸಿನ್ಯಾಗ ಹೋದ್ರ ಹಿಂದ ನಡಿಯಾವ್ರು ಯಾರ್ರಿ ಬಾಯಾರ?" ಎಂದ. ಆ ಮಾತು ಆಗ ನನಗೆ ಅರ್ಥವಾಗಲಿಲ್ಲ. ಮುಲಾಮು ಹಚ್ಚಿ ಪಟ್ಟಿ ಸುತ್ತಿ ಕಳಿಸಿದೆ.

ಮುಂದಿನ ವರ್ಷ ನಾನೇ ಆ ನಡೆಯುವವರ ಜೊತೆ ಹೊರಟೆ. ಭಕ್ತಿಯಿಂದ ಅಂದರೆ ಸುಳ್ಳಾಗುತ್ತದೆ. ಪ್ರತಿ ಯುಗಾದಿಗೆ ನಲವತ್ತು ಜನರ ಕೀವಾದ ಕಾಲು ತೊಳೆದು ಸಾಕಾಗಿತ್ತು. ದಾರಿಯಲ್ಲೇ ನೋಡಿಕೊಂಡರೆ ಇಷ್ಟು ಕೆಡುವುದಿಲ್ಲ ಎಂದು ಔಷಧದ ಚೀಲ ಹೆಗಲಿಗೆ ಹಾಕಿದೆ. ಆಗಿನಿಂದ ಈವರೆಗೆ ಐದು ಸಲ ಹೋಗಿದ್ದೇನೆ. ಅವನ ಓಣಿಯವರೆಲ್ಲ ರಾಚಪ್ಪನನ್ನು ಕಾಕಾ ಎನ್ನುತ್ತಾರೆ, ಏಕವಚನದಲ್ಲೇ ಮಾತಾಡಿಸುತ್ತಾರೆ. ನಾನೂ ಹಾಗೇ ಬರೆಯುತ್ತೇನೆ. ನನಗಿಂತ ಹದಿನೆಂಟು ವರ್ಷ ದೊಡ್ಡವನು, ಈಗ ಅರವತ್ತಾರು.

ಆ ಓಣಿಯಿಂದ ಹೊರಡುವುದು ಮಲ್ಲಯ್ಯನ ಕಂಬಿ. ಹೆಗಲ ಮೇಲೆ ಹೊರುವ ಬಿದಿರಿನ ಕೋಲು, ಎರಡು ತುದಿಗೂ ಬಟ್ಟೆ ಸುತ್ತಿದ ಬುಟ್ಟಿ, ಸುತ್ತ ಗೆಜ್ಜೆ. ಶ್ರೀಶೈಲದ ಭ್ರಮರಾಂಬೆ ನಮ್ಮ ಸೀಮೆಯ ಮಗಳು, ಮಲ್ಲಯ್ಯ ಅಳಿಯ ಎಂದು ನಮ್ಮವರ ನಂಬಿಕೆ. ಹಾಗಾಗಿ ಬುಟ್ಟಿಯಲ್ಲಿ ಮಗಳಿಗೊಂದು ಇಳಕಲ್ ಸೀರೆ ಇರುತ್ತದೆ. ಹುನಗುಂದದಿಂದ, ಬೇವೂರಿನಿಂದ ಒಂದಿಷ್ಟು ಜನ ಬಂದು ಕೂಡಿಕೊಳ್ಳುತ್ತಾರೆ. ಹನ್ನೆರಡು ದಿನ, ಬರಿಗಾಲು. ಮೊದಲ ಒಂಬತ್ತು ದಿನ ಡಾಂಬರು, ಹೊಲ, ಊರು, ಬಾಗಿಲಲ್ಲಿ ನಿಂತು ಮಜ್ಜಿಗೆ ಕೊಡುವವರು. ಕೊನೆಯ ಮೂರು ದಿನ ಆಂಧ್ರದ ನಲ್ಲಮಲ ಕಾಡು.

ಈ ಕಂಬಿಗೆ ಎರಡು ಕಟ್ಟಳೆ. ಒಂದು, ಕಂಬಿ ನೆಲ ಮುಟ್ಟಬಾರದು. ಹೆಗಲಿನಿಂದ ಹೆಗಲಿಗೆ ದಾಟಬೇಕು. ಇನ್ನೊಂದು, ಕಾಡಿನ ಬಾಯಲ್ಲಿರುವ ವೀರಭದ್ರನ ಗುಡಿ ದಾಟಿದ ಮೇಲೆ, ಬೆಟ್ಟದ ತುದಿಯ ಕೈಲಾಸ ಬಾಗಿಲು ಮುಟ್ಟುವ ತನಕ, ಯಾರೂ ಹಿಂದಕ್ಕೆ ಒಂದು ಹೆಜ್ಜೆಯನ್ನೂ ಇಡಬಾರದು. ಬೇರೆ ಊರಿನ ಕಂಬಿಗಳಿಗೆ ಹೀಗಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಈ ಓಣಿಯ ಕಂಬಿಗಂತೂ ಇದೆ. ಬಿದ್ದದ್ದು ಬಿತ್ತು, ಬಿಟ್ಟದ್ದು ಬಿಟ್ಟಿತು. ಒಂದು ವರ್ಷ ಹುನಗುಂದದ ಮಾಸ್ತರರೊಬ್ಬರ ಕನ್ನಡಕ ಬಿತ್ತು. ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಗೊತ್ತಾಯಿತು. ನಾಲ್ಕು ಹೆಜ್ಜೆ! ಆ ಪುಣ್ಯಾತ್ಮ ಎರಡು ದಿನ ಅರೆಗುರುಡನಾಗಿ ಕಲ್ಲು ಎಡವುತ್ತ ನಡೆದರೇ ಹೊರತು ತಿರುಗಲಿಲ್ಲ. ಹಿಂದಿನಿಂದ ಬಂದ ನಾನು ಎತ್ತಿಕೊಟ್ಟಿದ್ದರೆ ಆಗುತ್ತಿತ್ತು, ಆದರೆ ನನಗಿಂತ ಮೊದಲು ಒಂದು ಮಂಗ ಎತ್ತಿಕೊಂಡಿತ್ತು.

ಈ ಕಟ್ಟಳೆಯೇ ರಾಚಪ್ಪನ ಹೆಂಡತಿಯನ್ನು ಕೊಂದಿತು. ಓಣಿಯವರು ಹೀಗೆ ಹೇಳುವುದಿಲ್ಲ, ನಾನು ಹೇಳುತ್ತೇನೆ.

ಹೆಂಡತಿಯ ಹೆಸರು ಸಂಗವ್ವ. ರಾಚಪ್ಪ ಕುಣಿಮಗ್ಗದ ನೇಕಾರ. ಮನೆಯ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ದಿನವಿಡೀ ಮೆಟ್ಟು ತುಳಿಯುವ ಕೆಲಸ. ಸಂಗವ್ವ ಅವನ ಪಕ್ಕ ಕೂತು ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಇಪ್ಪತ್ತು ವರ್ಷದ ಹಿಂದೆ ಅವಳು ಮೊದಲ ಸಲ ಕಂಬಿಯ ಜೊತೆ ನಡೆದಳು. ಆ ವರ್ಷ ಕಂಬಿ ಹೊರುವ ಸರದಿ ರಾಚಪ್ಪನದು. ಕಾಡಿನ ಮೂರನೆಯ ದಿನ ಭೀಮನ ಕೊಳ್ಳ ಬರುತ್ತದೆ. ದಾರಿ ಕಲ್ಲಿನ ಮೆಟ್ಟಿಲುಗಳಲ್ಲಿ ಆಳಕ್ಕೆ ಇಳಿದು, ತಳದ ನೀರಿನ ಹೊಂಡ ದಾಟಿ, ಎದುರಿಗೆ ಅಷ್ಟೇ ಎತ್ತರಕ್ಕೆ ಏರುತ್ತದೆ. ಆ ಇಳಿಜಾರು ಶುರುವಾಗುವಲ್ಲಿ ಒಂದು ದೊಡ್ಡ ಮತ್ತಿಮರ. ಸಂಗವ್ವ ಅದರ ಬುಡದಲ್ಲಿ ಕೂತಳು. "ನೀವು ನಡೀರಿ, ನಾ ಬರ್ತೇನಿ" ಅಂದಳು. ಕಂಬಿ ಹೊತ್ತ ರಾಚಪ್ಪ ನಡೆದ. ಹಿಂದೆ ಜನ ಬರುತ್ತಿದ್ದಾರೆ, ಕರೆದುಕೊಂಡು ಬರುತ್ತಾರೆ ಎಂದುಕೊಂಡ. ಆದರೆ ಆ ದಿನ ಹೆಗಲು ಬದಲಿಸುತ್ತ ಬದಲಿಸುತ್ತ ಕಂಬಿಯೇ ಎಲ್ಲರಿಗಿಂತ ಹಿಂದೆ ಬಿದ್ದಿತ್ತು. ಹಿಂದೆ ಯಾರೂ ಇರಲಿಲ್ಲ. ಮರುದಿನ ಬೆಳಿಗ್ಗೆ ಬೇರೆ ಊರಿನ ತಂಡಕ್ಕೆ ಅವಳು ಸಿಕ್ಕಳು, ಮರಕ್ಕೆ ಒರಗಿದ ಹಾಗೇ.

ಬಿಸಿಲು ತಲೆಗೇರಿ ಬೆವರು ನಿಂತುಹೋದ ಮನುಷ್ಯನಿಗೆ ಏನು ಬೇಕು ಎಂದು ನನಗೆ ಗೊತ್ತು. ನೆರಳು, ತಲೆಯ ಮೇಲೆ ನೀರು, ಪಕ್ಕದಲ್ಲಿ ಒಬ್ಬರು. ನೆರಳು ಅಲ್ಲಿತ್ತು. ಉಳಿದೆರಡು ಇದ್ದಿದ್ದರೆ ಸಂಗವ್ವ ಬದುಕುತ್ತಿದ್ದಳು.

ಅವರಿಗೆ ಒಬ್ಬಳೇ ಮಗಳು, ಶಿವಗಂಗಾ. ಆಗ ಹನ್ನೊಂದು ವರ್ಷ. ದಿನಕರ್ಮ ಮುಗಿದ ಮೇಲೆ ಮಗ್ಗದ ಕುಣಿಯ ಅಂಚಿನಲ್ಲಿ ನಿಂತು ಅಪ್ಪನನ್ನು ಕೇಳಿದಳಂತೆ: "ಅವ್ವ ನಿನ್ನ ಕರದಿದ್ಲೇನು?" ಸುತ್ತ ಇದ್ದ ಹೆಂಗಸರೇ ಉತ್ತರ ಕೊಟ್ಟರು. ಕಂಬಿಯ ಗೆಜ್ಜೆ ಸಪ್ಪಳದೊಳಗೆ ಏನು ಕೇಳಿಸುತ್ತದೆ, ಪಾಪ ಅಪ್ಪನಿಗೆ ಹಾಗೆಲ್ಲ ಕೇಳಬಾರದು ಎಂದರು. ರಾಚಪ್ಪ ಮೆಟ್ಟಿನ ಮೇಲೆ ಕಾಲಿಟ್ಟು ನೇಯತೊಡಗಿದ. ಹುಡುಗಿ ಬೇವೂರಿನ ಅಜ್ಜಿಯ ಮನೆಯಲ್ಲಿ ಬೆಳೆದಳು, ಓದಿದಳು, ಈಗ ನವನಗರದ ಒಂದು ಸಾಲೆಯಲ್ಲಿ ಕಲಿಸುತ್ತಾಳೆ. ತಿಂಗಳಿಗೊಮ್ಮೆ ಇಳಕಲ್ಲಿಗೆ ಬಂದು ಅಪ್ಪನ ಬಟ್ಟೆ ಒಗೆದು, ರೊಟ್ಟಿ ಬಡಿದಿಟ್ಟು ಹೋಗುತ್ತಾಳೆ. ಜಗಳವಿಲ್ಲ. ಮಾತೂ ಇಲ್ಲ. ಆ ಒಂದು ಪ್ರಶ್ನೆಯನ್ನು ಅವಳು ಮತ್ತೆ ಕೇಳಲಿಲ್ಲ, ಅವನು ಹೇಳಲಿಲ್ಲ.

ಆ ವರ್ಷದಿಂದ ರಾಚಪ್ಪ ಕಂಬಿಗೆ ಹೆಗಲು ಕೊಡುವುದನ್ನು ಬಿಟ್ಟ. ನಡೆಯುವುದನ್ನು ಬಿಡಲಿಲ್ಲ. ಕೈಯಲ್ಲಿ ಒಂದು ಗಂಟೆ ಹಿಡಿದು ಎಲ್ಲರಿಗಿಂತ ಹಿಂದೆ ನಡೆಯತೊಡಗಿದ. ತಾನೇ ಕಡೆಯವನಾದರೆ ತನ್ನ ಹಿಂದೆ ಯಾರೂ ಉಳಿಯುವಂತಿಲ್ಲ, ಹಿಂದಕ್ಕೆ ಹೆಜ್ಜೆ ಇಡುವ ಪ್ರಶ್ನೆಯೂ ಬರುವುದಿಲ್ಲ. ಕೊರೋನಾದ ಎರಡು ವರ್ಷ ಬಿಟ್ಟರೆ, ಹೋದ ವರ್ಷದ್ದೂ ಸೇರಿ ಹದಿನೇಳು ಸಲ ಹೀಗೆ ನಡೆದಿದ್ದಾನೆ. ಯಾರಾದರೂ ಕೂತರೆ ಅವನೂ ಕೂರುತ್ತಾನೆ. ಅವರು ಎದ್ದರೆ ಏಳುತ್ತಾನೆ. ಬೈಯುವುದಿಲ್ಲ, ಅವಸರ ಮಾಡುವುದಿಲ್ಲ. ಒಮ್ಮೆ ಬಾಣಂತನ ಮುಗಿಸಿ ಆರು ತಿಂಗಳೂ ಆಗದ ಒಬ್ಬಳು ಹರಕೆ ಎಂದು ಬಂದಿದ್ದಳು; ಅವಳ ಹಿಂದೆ ಅರ್ಧ ಮೈಲಿಗೆ ಎರಡು ತಾಸು ತೆಗೆದುಕೊಂಡು ಬಂದ. ನಾನು ಇಬ್ಬರನ್ನೂ ಬೈದೆ.

ಇಳಕಲ್ ಸೀರೆಯಲ್ಲಿ ಒಡಲು ಬೇರೆ, ಸೆರಗು ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಕೂಡಿಸಬೇಕು. ಒಂದು ಕೊಂಡಿ ತಪ್ಪಿದರೂ ಸೀರೆಯಲ್ಲಿ ಗೆರೆ ಬೀಳುತ್ತದೆ. ಹೊರಡುವ ಮುನ್ನ ರಾಚಪ್ಪ ಒಂದು ಕೆಂಪು ಹುರಿಯಲ್ಲಿ ತಂಡದ ಒಬ್ಬೊಬ್ಬರಿಗೆ ಒಂದೊಂದು ಕೊಂಡಿ ಹಾಕಿಟ್ಟುಕೊಳ್ಳುತ್ತಿದ್ದ. ದಣಿವಾರಿಸಿಕೊಳ್ಳಲು ನಿಂತಲ್ಲೆಲ್ಲ ಪ್ರತಿಯೊಬ್ಬರ ಮುಖ ನೋಡುವುದು, ಒಂದು ಕೊಂಡಿ ಬೆರಳಿನಿಂದ ಜಾರಿಸುವುದು. "ಆಂವ ಮುಂದ ಅದಾನ" ಎಂಬ ಮಾತು ಅವನಿಗೆ ನಡೆಯುತ್ತಿರಲಿಲ್ಲ. ಮುಖ ಕಾಣಬೇಕು.

ಹೋದ ವರ್ಷ ಹೊರಡುವ ಮುಂಚೆ ನಮ್ಮ ಡಾಕ್ಟರು ಅವನ ಮಂಡಿಯ ಎಕ್ಸ್‌ರೇ ಫೋಟೋ ನೋಡಿ ನಡಿಗೆ ಬೇಡವೇ ಬೇಡ ಎಂದರು. ಸವೆದು ಎಲುಬಿಗೆ ಎಲುಬು ತಾಗುತ್ತಿತ್ತು. ನಾನೂ ಹೇಳಿದೆ: "ಕಾಕಾ, ಈ ಮಂಡಿ ತಗೊಂಡು ಭೀಮನ ಕೊಳ್ಳ ಹೆಂಗ ಏರ್ತಿ?"

"ಇಳಿಯೂದು ಒಂದ ಸಲ, ಏರೂದು ಒಂದ ಸಲ. ಅಷ್ಟು ತಡಕೊಂಡ್ರ ಸಾಕು ಅದು" ಎಂದ.

ಅದೇ ವಾರ ಶಿವಗಂಗಾ ನನಗೆ ಫೋನ್ ಮಾಡಿದಳು. "ಅಕ್ಕಾರ, ಈ ಸಲ ನಾನೂ ಬರ್ತೇನ್ರಿ. ಅಪ್ಪಗ ಹೇಳಬ್ಯಾಡ್ರಿ, ಬ್ಯಾಡ ಅಂತಾನ."

"ನಿನಗ್ಯಾಕ ಈ ಹುಚ್ಚು?" ಎಂದೆ.

"ಅವ್ವ ಕುಂತ ಜಾಗ ನೋಡಬೇಕು. ಅಲ್ಲೇ ಅಪ್ಪನ್ನ ಆ ಮಾತು ಕೇಳಬೇಕು. ಮನ್ಯಾಗ ಕೇಳಿದ್ರ ಆಂವ ಮಗ್ಗ ನೋಡ್ತಾನ."

ಹೊರಡುವ ದಿನ ಬೆಳಿಗ್ಗೆ ಅವಳು ಬರಿಗಾಲಲ್ಲಿ ಬಂದು ಸಾಲಿನಲ್ಲಿ ನಿಂತಳು. ರಾಚಪ್ಪ ಒಮ್ಮೆ ಅವಳ ಮುಖ, ಒಮ್ಮೆ ಕಾಲು ನೋಡಿದ. ಜೇಬಿನಿಂದ ಹುರಿ ತೆಗೆದು ನಲವತ್ಮೂರನೆಯ ಕೊಂಡಿ ಹಾಕಿದ. ಆಮೇಲೆ ಮಗ್ಗದಲ್ಲಿ ಉಳಿದ ನೂಲಿನಿಂದ ತಾನೇ ಹೆಣೆದ ಕಾಲುಪಟ್ಟಿಯ ಒಂದು ಜೊತೆ ಅವಳ ಕೈಗೆ ಕೊಟ್ಟ. ಅಂಗಾಲು ಒಡೆದವರಿಗೆ ಅಷ್ಟರ ಮಟ್ಟಿಗೆ ಬರಿಗಾಲಿನ ನೇಮದಲ್ಲಿ ರಿಯಾಯಿತಿ ಇದೆ.

ಕಾಡಿನ ನಡಿಗೆಯ ಬಗ್ಗೆ ಹೋಗಿಬಂದವರು ಹೇಳುವುದನ್ನು ಅರ್ಧ ಮಾತ್ರ ನಂಬಬೇಕು. ಮನೆಗೆ ಬಂದ ಮೇಲೆ ಎಲ್ಲವೂ ಮಲ್ಲಯ್ಯನ ಲೀಲೆಯಾಗುತ್ತದೆ. ನಡೆಯುವಾಗ ಅಲ್ಲಿ ಲೀಲೆ ಕಾಣುವುದಿಲ್ಲ, ಕಲ್ಲು ಕಾಣುತ್ತದೆ. ಅದೂ ಪೂರ್ತಿ ಕಾಣುವುದಿಲ್ಲ. ಮಾರ್ಚ್ ಕೊನೆಗೆ ಬಹುಪಾಲು ಮರಗಳು ಎಲೆ ಉದುರಿಸಿರುತ್ತವೆ. ತೇಗದ ಒಣ ಎಲೆ ಮೊಳಕಾಲುದ್ದ ಬಿದ್ದು ದಾರಿ ಮುಚ್ಚಿರುತ್ತದೆ. ಎಲೆಯ ಕೆಳಗೆ ಚೂಪುಗಲ್ಲು, ಮುರಿದ ಬಿದಿರು, ಮುಳ್ಳು. ಇಟ್ಟ ಹೆಜ್ಜೆ ಎಲ್ಲಿ ನಿಲ್ಲುತ್ತದೆ ಎಂದು ಕಾಲಿಗೇ ಗೊತ್ತಿರುವುದಿಲ್ಲ. ನಮ್ಮ ಸಾಮಾನು ಹೇರಿದ ಲಾಡಸಾಬನ ಟೆಂಪೋ ಕಾಡಿನ ಬಾಯಲ್ಲೇ ನಮ್ಮನ್ನು ಬಿಟ್ಟು ಸುತ್ತಿನ ರಸ್ತೆ ಹಿಡಿಯುತ್ತದೆ, ಅಲ್ಲಿಂದ ಮುಂದೆ ನೀರು ನಮ್ಮ ಹೆಗಲ ಮೇಲೆ. ಹತ್ತು ಗಂಟೆಗೆ ಬಂಡೆ ಕಾಯುತ್ತದೆ. ಗಾಳಿ ಆಡುವುದಿಲ್ಲ. ಬೆವರು ಕಣ್ಣಿಗಿಳಿದು ಉರಿಯುತ್ತದೆ, ತೊಡೆಯ ಸಂದು ಕೆರೆದು ರಕ್ತ ಬರುತ್ತದೆ, ನಾಲಿಗೆ ದಪ್ಪಗಾಗಿ ಮಾತು ತೊದಲುತ್ತದೆ. ಮೊದಲ ದಿನ ಎಲ್ಲರೂ ಜೈಕಾರ ಹಾಕುತ್ತಾರೆ. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಕಂಬಿಯ ಗೆಜ್ಜೆ ಮತ್ತು ಹಿಂದಿನಿಂದ ರಾಚಪ್ಪನ ಗಂಟೆ, ಎರಡೇ ಸಪ್ಪಳ.

ಶಿವಗಂಗಾ ದಿನವಿಡೀ ನಿಂತು ಪಾಠ ಹೇಳುವವಳು, ಕಾಲಿಗೆ ಶಕ್ತಿ ಇತ್ತು. ಆದರೆ ಅಂಗಾಲು ಮೆತ್ತಗಿನದು. ಎರಡನೆಯ ದಿನ ಎರಡೂ ಹಿಮ್ಮಡಿಯಲ್ಲಿ ಗುಳ್ಳೆ ಎದ್ದವು. ನಾನು ಸೂಜಿಯಿಂದ ಒಡೆದು ಪಟ್ಟಿ ಕಟ್ಟುವಾಗ ಅವಳು ತುಟಿ ಕಚ್ಚಿಕೊಂಡು ಕೂತಿದ್ದಳು. ಹತ್ತು ಮಾರು ದೂರದಲ್ಲಿ ರಾಚಪ್ಪ ನಿಂತಿದ್ದ. ಹತ್ತಿರ ಬಂದು ನೋಡುವ ಧೈರ್ಯ ಆಗಲಿಲ್ಲ ಅವನಿಗೆ.

ಮೂರನೆಯ ದಿನ ಹನ್ನೊಂದರ ಹೊತ್ತಿಗೆ ಭೀಮನ ಕೊಳ್ಳದ ನೆತ್ತಿಗೆ ಬಂದೆವು. ಇಲ್ಲಿ ಒಂದು ಮಾತು ಹೇಳಲೇಬೇಕು. ಹಿಂದಿನ ನಾಲ್ಕು ಸಲವೂ ನಾನು ರಾಚಪ್ಪನ ತುಸು ಮುಂದೆಯೇ ನಡೆದಿದ್ದೆ. ಆ ಮತ್ತಿಮರದ ಹತ್ತಿರ ಅವನು ಏನು ಮಾಡುತ್ತಾನೆ ಎಂದು ಕಂಡಿದ್ದೆ. ಕಾಡಿನ ದಾರಿಯುದ್ದಕ್ಕೂ ಎಡಕ್ಕೆ ಬಲಕ್ಕೆ ಪೊದೆ ಪೊದೆ ನೋಡುತ್ತ ಬರುವ ಮನುಷ್ಯ, ಅಲ್ಲಿ ಮಾತ್ರ ಗಂಟೆಯ ನಾಲಿಗೆ ಹಿಡಿದು, ತಲೆ ತಗ್ಗಿಸಿ, ತನ್ನ ಹೆಬ್ಬೆರಳನ್ನೇ ನೋಡುತ್ತ ದಾಟಿಬಿಡುತ್ತಿದ್ದ. ಆ ಮರದ ಕಡೆ ಕಣ್ಣೆತ್ತಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ.

ಆ ದಿನ ನಾನು ಅವನ ಮುಂದೆ ಇರಲಿಲ್ಲ. ಹುನಗುಂದದ ಹೆಣ್ಣುಮಗಳೊಬ್ಬಳ ಹೆಬ್ಬೆರಳಿನ ಉಗುರು ಕಿತ್ತು ಬಂದಿತ್ತು, ಅವಳನ್ನು ಹಿಡಿದುಕೊಂಡು ಮೊದಲೇ ಇಳಿದಿದ್ದೆ. ತಳದ ಹೊಂಡದ ಹತ್ತಿರ ಅವಳ ಕಾಲು ತೊಳೆಯುತ್ತಿದ್ದಾಗ ಒಬ್ಬೊಬ್ಬರಾಗಿ ಎಲ್ಲರೂ ಬಂದು ಕೂತರು. ಕಡೆಗೆ ರಾಚಪ್ಪ ಬಂದ, ಎಡಗಾಲು ಎಳೆಯುತ್ತ, ಗಂಟೆಯನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಕೋಲು ಹಿಡಿದು. ನೀರನ್ನೂ ಕುಡಿಯದೆ ಹುರಿ ತೆಗೆದ. ಮುಖ ನೋಡಿದ, ಕೊಂಡಿ ಜಾರಿಸಿದ. ಒಂದು ಉಳಿಯಿತು. ಮತ್ತೆ ಮೊದಲಿನಿಂದ ಶುರು ಮಾಡಿದ. ಮತ್ತೆ ಒಂದು ಉಳಿಯಿತು.

"ಶಿವಗಂಗಾ ಎಲ್ಲಿ?" ಎಂದ.

ಕಂಬಿಯ ಹಿರಿಯ ಹನಮಪ್ಪನ ಹೆಂಡತಿ ಶಾರವ್ವ ಬಾಯಿ ಬಿಟ್ಟಳು. "ಮ್ಯಾಲ ಮತ್ತಿ ಗಿಡದ ಬುಡಕ್ಕ ಕುಂತ್ಲಪ್ಪ. 'ನೀವು ನಡೀರಿ, ನಾ ಬರ್ತೇನಿ' ಅಂದ್ಲು. ಹಿಂದ ನೀ ಬರಾಕತ್ತಿದ್ದಿ. ಕಾಕಾ ಬರ್ತಾನಲ್ಲ, ಇನ್ನೇನು ಕಾಳಜಿ ಅಂತ ನಾವು ಇಳದ್ವಿ."

ರಾಚಪ್ಪ ಆ ಮರ ದಾಟಿ ಬಂದಿದ್ದ. ಮಗಳು ಅಲ್ಲಿ ಕೂತಿದ್ದಳು, ಅವನು ಹೆಬ್ಬೆರಳು ನೋಡಿಕೊಂಡು ದಾಟಿ ಬಂದಿದ್ದ.

ಹನಮಪ್ಪ ಎದ್ದು ಬಂದು ಅವನ ತೋಳು ಹಿಡಿದ. "ರಾಚಾ, ಹಿಂದ ಬ್ಯಾರೆ ಊರಿನ ಕಂಬಿ ಬರಾಕತ್ತಾವ. ಅವ್ರು ಕರ್ಕೊಂಡು ಬರ್ತಾರ. ಕಟ್ಟಳಿ ಮುರೀಬ್ಯಾಡ. ಮಲ್ಲಯ್ಯ ಕಾಯ್ತಾನ." ಹನಮಪ್ಪ ಕೆಟ್ಟವನಲ್ಲ. ತಂಡದ ಒಬ್ಬರಿಗೂ ಕೆಡುಕಾಗಬಾರದು ಎಂದು ಅವನ ಹೆದರಿಕೆ. ಆದರೂ ಆ ಮಾತು ಕೇಳಿ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು ನನಗೆ.

"ಯಾರೂ ಬ್ಯಾಡ, ನಾ ಹೋಗ್ತೇನಿ. ನನಗ್ಯಾವ ಕಟ್ಟಳಿನೂ ಇಲ್ಲ" ಎಂದು ಚೀಲ ಎತ್ತಿಕೊಂಡೆ.

"ನಿಂದರ ತಂಗೆವ್ವ" ಎಂದ ರಾಚಪ್ಪ. "ನೋಡದ ದಾಟಿ ಬಂದಾಂವ ನಾ."

ಅವನು ತಿರುಗಲು ಹೊರಟ. ಕೂಡಲೇ ತಿರುಗಲು ಆಗಲಿಲ್ಲ. ಹತ್ತೊಂಬತ್ತು ವರ್ಷ ಒಂದೇ ದಿಕ್ಕಿಗೆ ನಡೆದ ಕಾಲು, ಅಲ್ಲೇ ಕಚ್ಚಿ ನಿಂತಿತು. ನನ್ನ ಹೆಗಲ ಮೇಲೆ ಕೈಯಿಟ್ಟ. ಬಲಗಾಲು ತೆಗೆದು ಹಿಂದಕ್ಕಿಟ್ಟ, ಎಡಗಾಲನ್ನು ಎಳೆದುಕೊಂಡ, ಪೂರ್ತಿ ತಿರುಗಿ ನಿಂತ. ಇಡೀ ತಂಡ ಅವನ ಕಾಲನ್ನೇ ನೋಡುತ್ತಿತ್ತು. ಶಾರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನು ಯಾರ ಕಡೆಗೂ ನೋಡದೆ ಮೊದಲ ಮೆಟ್ಟಿಲು ಹತ್ತಿದ.

ಭೀಮನ ಕೊಳ್ಳದ ಮೆಟ್ಟಿಲೆಂದರೆ ಗುಡಿಯ ಮೆಟ್ಟಿಲಲ್ಲ. ಬಂಡೆಗಳನ್ನು ಒಂದರ ಮೇಲೊಂದು ಹೊಂದಿಸಿದ್ದು. ಒಂದು ಗೇಣೆತ್ತರ, ಇನ್ನೊಂದು ಮೊಳದೆತ್ತರ. ಗಟ್ಟಿಮುಟ್ಟಾದವರೇ ಕೈಯೂರಿ ಏರುತ್ತಾರೆ. ರಾಚಪ್ಪ ಬಲಗಾಲು ಮೇಲಿಟ್ಟು, ಕೋಲಿಗೆ ಮೈ ಹಾಕಿ, ಎಡಗಾಲನ್ನು ಕೈಯಿಂದ ಎತ್ತಿ ಇಟ್ಟುಕೊಳ್ಳುತ್ತಿದ್ದ. ನಲವತ್ತು ಮೆಟ್ಟಿಲಿಗೆ ಕೋಲು ಬಿಟ್ಟ. ಆಮೇಲೆ ಎರಡು ಕೈ, ಒಂದು ಮಂಡಿಯ ಮೇಲೆ ಏರಿದ. ಕಾದ ಕಲ್ಲಿಗೆ ಅಂಗೈ ಸುಟ್ಟು ಕೆಂಪಾಯಿತು. ಅವನ ಕತ್ತಿನ ನರ ನನಗೆ ಕಾಣುವಷ್ಟು ಜೋರಾಗಿ ಬಡಿಯುತ್ತಿತ್ತು. ಇಳಿದು ಬರುತ್ತಿದ್ದ ಬೇರೆ ತಂಡದವರು ಪಕ್ಕದ ಬಂಡೆಗೆ ಅಂಟಿ ದಾರಿ ಬಿಟ್ಟರು. ಅವರಲ್ಲೊಬ್ಬ ತೆಲುಗಿನಲ್ಲಿ ಏನೋ ಕೇಳಿದ, ಉತ್ತರ ಕೊಡಲು ನಮ್ಮಿಬ್ಬರಲ್ಲೂ ಉಸಿರಿರಲಿಲ್ಲ. ಮರದ ಮಗ್ಗುಲಿಗೆ ಕೂತವಳು, ಹೆಜ್ಜೆ ನೋಡಿಕೊಂಡು ಇಳಿಯುವ ಅವರಿಗೂ ಕಂಡಿರಲಿಲ್ಲ.

ನಡುವೆ ನಾನು ಉಪ್ಪು ಸಕ್ಕರೆ ಕಲಸಿದ ನೀರು ಚಾಚಿದೆ. "ಆಕಿಗಿರ್ಲಿ" ಎಂದ.

"ಕುಡಿ ಅಂದ್ರ ಕುಡಿ! ನೀನೂ ಬಿದ್ರ ಇಬ್ಬರನ್ನ ಹೊರಾಕ ನನಗೇನು ನಾಕು ಹೆಗಲದಾವ?" ಎಂದು ಗದರಿದೆ. ಎರಡು ಗುಟುಕು ಕುಡಿದ.

ಆ ಮಂಡಿ ಆ ದಿನದ ನಂತರ ಮತ್ತೆ ಮಡಚಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಎದುರಿನ ಏರನ್ನು ನಾಲ್ಕು ಜನ ಅವನನ್ನು ಕಂಬಳಿಯಲ್ಲಿ ಹೊತ್ತು ಹತ್ತಿಸಿದರು. ಈಗ ಮಗ್ಗದ ಕುಣಿಗೆ ಇಳಿಯಲಾರ, ಬಾಗಿಲ ಮುಂದೆ ಕೂತು ಬೇರೆಯವರ ಮಗ್ಗಕ್ಕೆ ಕೊಂಡಿ ಹಾಕಿಕೊಡುತ್ತಾನೆ. ಕಟ್ಟಳೆ ಮುರಿದದ್ದಕ್ಕೆ ಅವನನ್ನು ಯಾರೂ ಏನೂ ಅನ್ನಲಿಲ್ಲ. ಅವನು ಬರುವ ತನಕ ಹನಮಪ್ಪ ಕಂಬಿಯನ್ನು ಹೊಂಡದ ಹತ್ತಿರವೇ ನಿಲ್ಲಿಸಿದ್ದ. ಮೂರು ತಾಸು, ನೆಲಕ್ಕೆ ತಾಗಿಸದೆ, ಹೆಗಲಿನಿಂದ ಹೆಗಲಿಗೆ ಬದಲಿಸುತ್ತ ನಿಂತಿದ್ದರು. ಹಿಂದೆ ಯಾವ ವರ್ಷವೂ ಹಾಗೆ ಯಾರಿಗಾಗಿಯೂ ಕಂಬಿ ನಿಂತಿರಲಿಲ್ಲ. ಅದಕ್ಕೆ ನಾನು ಹನಮಪ್ಪನ ಮೇಲಿನ ಸಿಟ್ಟನ್ನು ಬಿಟ್ಟಿದ್ದೇನೆ.

ನೆತ್ತಿಗೆ ಬಂದಾಗ ರಾಚಪ್ಪ ಎದ್ದು ನಿಂತ. ತೆವಳಿಕೊಂಡು ಆ ಮರದ ಮುಂದೆ ಹೋಗಲು ಅವನಿಗೆ ಮನಸ್ಸಿರಲಿಲ್ಲ ಅನ್ನಿಸುತ್ತದೆ. ನನ್ನ ತೋಳು ಹಿಡಿದು, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಮರದ ಕಡೆ ಮುಖ ಮಾಡಿ ನಡೆದ.

ಶಿವಗಂಗಾ ಬುಡಕ್ಕೆ ಒರಗಿ ಕಾಲು ಚಾಚಿ ಕೂತಿದ್ದಳು. ಮುಖ ಕೆಂಪಗೆ ಕಾದಿತ್ತು, ಮುಟ್ಟಿದರೆ ಚರ್ಮ ಒಣ ಒಣ. ನೀರಿನ ಬಾಟಲಿ ಖಾಲಿ. ಕಣ್ಣು ತೆರೆದಿದ್ದವು. ನಾನು ಚೀಲದಲ್ಲಿದ್ದ ನೀರನ್ನು ತಲೆಗೆ, ಕುತ್ತಿಗೆಗೆ ಸುರಿದೆ, ಸೆರಗು ಒದ್ದೆ ಮಾಡಿ ಬೀಸಿದೆ, ಚಮಚ ಚಮಚವಾಗಿ ಕುಡಿಸಿದೆ. ಇನ್ನೊಂದು ತಾಸು ತಡವಾಗಿದ್ದರೆ ನನ್ನ ಚೀಲದಿಂದ ಏನೂ ಆಗುತ್ತಿರಲಿಲ್ಲ. ರಾಚಪ್ಪ ಅವಳ ಪಾದ ತನ್ನ ತೊಡೆಯ ಮೇಲಿಟ್ಟುಕೊಂಡು ಸೆಟೆದ ಮೀನಖಂಡವನ್ನು ನೀವುತ್ತಿದ್ದ. ಬಹಳ ಹೊತ್ತಿನ ಮೇಲೆ ಅವಳ ಹಣೆಯಲ್ಲಿ ಬೆವರಿನ ಒಂದು ಹನಿ ಮೂಡಿತು. ನನಗೆ ಜೀವ ಬಂತು. ಆಗ ಬೈಯಲು ಶುರು ಮಾಡಿದೆ.

"ಹುಚ್ಚಿ! ಒಂದ ಸಲ ಕೂಗಾಕ ಬಾಯಿ ಇರಲಿಲ್ಲೇನು? ಆಂವ ಇಲ್ಲೇ ದಾಟಿ ಹೋದ!"

ಅವಳು ನನ್ನನ್ನು ನೋಡಲಿಲ್ಲ, ಅಪ್ಪನನ್ನೇ ನೋಡಿದಳು. "ನಿನ್ನ ಕಾಲು ಕಂಡ್ವು ಅಪ್ಪಾ. ಏಳಾಕ ಹೋದೆ, ಕಾಲು ಹಿಡಕೊಂಡ್ವು. ಕರೀಬೇಕಂತ ಬಾಯಿ ತಗದೆ. ಕರದ ಮ್ಯಾಲೂ ನೀ ಹೋಗಿಬಿಟ್ರ ಅಂತ ಅಂಜಿಕಿ ಬಂತು. ದನಿ ಹೊರಡಲಿಲ್ಲ."

ರಾಚಪ್ಪನ ಕೈ ನಿಂತಿತು. ಅವಳ ಪಾದ ಹಿಡಿದುಕೊಂಡೇ ಇದ್ದ. ಕಣ್ಣು ತಗ್ಗಿಸಲಿಲ್ಲ.

"ಕರದಿದ್ಲು" ಎಂದ. "ನಿಮ್ಮವ್ವ ಕರದಿದ್ಲು. ನಾ ಇಪ್ಪತ್ತೆರಡು ಹೆಜ್ಜಿ ಹೋಗಿದ್ದೆ. 'ಏನ್ರೀ' ಅಂದ್ಲು. ಒಂದ ಸಲ. ಗೆಜ್ಜಿ ಸಪ್ಪಳದಾಗ ಕೇಳಿಸಲಿಲ್ಲ ಅಂತ ಎಲ್ಲಾರೂ ಅಂದ್ರು, ನಾ ಸುಮ್ಮನಿದ್ದೆ. ಕೇಳಿಸಿತ್ತವ್ವಾ. ಖರೇನ ಕೇಳಿಸಿತ್ತು. ಕಂಬಿ ಹೆಗಲ ಮ್ಯಾಲಿತ್ತು, ಹಿಂದಿನವ್ರು ಕರ್ಕೊಂಡು ಬರ್ತಾರ ಅಂತ ಹೋದೆ. ಮಗ್ಗದಾಗ ಒಂದ ಎಳಿ ತಪ್ಪಿದ್ರ ಗೇಣುದ್ದ ಹಿಂದಕ್ಕ ಬಿಚ್ಚತೇನಿ. ಆಕಿ ಸಲುವಾಗಿ ಇಪ್ಪತ್ತೆರಡು ಹೆಜ್ಜಿ ಹಿಂದ ಬರಲಿಲ್ಲ."

ಶಿವಗಂಗಾ ಮುಂದಕ್ಕೆ ಬಾಗಿ ಎರಡೂ ಕೈಯಿಂದ ಅವನ ಎದೆಗೆ ಹೊಡೆದಳು. ಮೂರು ಸಲ, ನಾಲ್ಕು ಸಲ. ಅವನು ತಡೆಯಲಿಲ್ಲ, ಹಿಂದೆ ಸರಿಯಲೂ ಇಲ್ಲ. ನಾನು ನಡುವೆ ಹೋಗಲಿಲ್ಲ. ಆಮೇಲೆ ಅವಳ ಕೈಗಳು ಸೋತು ಅವನ ಅಂಗಿ ಹಿಡಿದುಕೊಂಡವು. ಹನ್ನೊಂದು ವರ್ಷದ ಹುಡುಗಿಯ ಹಾಗೆ ಬಾಯಿ ತೆರೆದು ಅತ್ತಳು. ನಾನೂ ಅತ್ತೆ. ನಾಚಿಕೆಪಡುವಂಥದ್ದು ಅದರಲ್ಲಿ ಏನೂ ಇಲ್ಲ.

ಒಂದು ತಾಸು ನೆರಳಲ್ಲಿ ಕೂತೆವು. ಅವಳ ಮೈ ತಣ್ಣಗಾಯಿತು, ಕಾಲು ಮಡಚಲು ಬಂತು. ಕಾಲುಪಟ್ಟಿಯನ್ನು ರಾಚಪ್ಪನೇ ಕಟ್ಟಿದ. ಅವಳು ಮರ ಹಿಡಿದು ಎದ್ದು ನಿಂತಳು, ತೊಗಟೆಯ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದಳು.

"ನೀ ಮುಂದ ನಡಿಯವ್ವಾ" ಎಂದ ರಾಚಪ್ಪ.

"ಇಲ್ಲ. ನೀ ಮುಂದ ನಡಿ. ಹಿಂದ ನಾ ಬರ್ತೇನಿ."

ಅವನು ತಲೆ ಅಲ್ಲಾಡಿಸಿದ. ತನ್ನ ಹಿಂದೆ ಒಬ್ಬರನ್ನು ಬಿಟ್ಟು ನಡೆಯುವುದು ಈಗ ಅವನಿಂದ ಆಗದ ಕೆಲಸ. ಅವಳು ಅವನ ಸೊಂಟದಿಂದ ಗಂಟೆ ತೆಗೆದುಕೊಂಡಳು. ನಾನು ಅವನ ಎಡ ತೋಳು ಹಿಡಿದೆ, ಇಳಿಯಲು ಶುರು ಮಾಡಿದೆವು. ಹಿಂದಿನಿಂದ ಗಂಟೆ ಬರುತ್ತಿತ್ತು. ರಾಚಪ್ಪನ ತುಟಿ ಅಲ್ಲಾಡುತ್ತಿತ್ತು. ಮಲ್ಲಯ್ಯನ ಹೆಸರು ಹೇಳುತ್ತಿದ್ದಾನೆ ಎಂದುಕೊಂಡೆ. ಹತ್ತಿರ ಕಿವಿಯಿಟ್ಟರೆ, ಎಣಿಸುತ್ತಿದ್ದ. ಹದಿನೆಂಟು. ಹತ್ತೊಂಬತ್ತು. ಇಪ್ಪತ್ತು.

ಇಪ್ಪತ್ತೆರಡಕ್ಕೆ ನಿಂತ. ಹಿಂದಿನಿಂದ ಯಾರೂ ಕರೆದಿರಲಿಲ್ಲ. ನನ್ನ ಕೈ ಬಿಡಿಸಿಕೊಂಡು, ಆ ಮಂಡಿಯನ್ನು ಕೈಯಿಂದ ಹಿಡಿದು, ಪೂರ್ತಿ ಹಿಂದಕ್ಕೆ ತಿರುಗಿದ.

"ಬಂದೆ ಅಪ್ಪಾ" ಎಂದಳು ಶಿವಗಂಗಾ. "ಇಲ್ಲೇ ಅದೇನಿ."